‘ರದ್ದು’ ಒತ್ತಿದರೆ ರದ್ದಾಗುವುದು ಏನು ಸ್ವಾಮೀ?

‘ಅರ್ಜಿಯನ್ನು ರದ್ದುಗೊಳಿಸಬೇಕೆ?’ ಎಂದು ಪರದೆ ಕೇಳುತ್ತದೆ. ಕೆಳಗೆ ಎರಡು ಗುಂಡಿ. ಒಂದು ‘ಸರಿ’, ಇನ್ನೊಂದು ‘ರದ್ದು’. ಅರ್ಜಿ ಉಳಿಯಬೇಕಾದರೆ ಯಾವುದನ್ನು ಒತ್ತಬೇಕು? ‘ರದ್ದು’ ಒತ್ತಬೇಕು! ಅದು ರದ್ದು ಮಾಡುವುದನ್ನೇ ರದ್ದು ಮಾಡುವ ಗುಂಡಿಯಂತೆ! ಇಂಜಿನಿಯರಿಂಗ್ ಓದಿದವರ ಬೆರಳೇ ತಡವರಿಸುವ ಈ ಒಗಟನ್ನು ಜಗಳೂರು ತಾಲ್ಲೂಕಿನ ಸೊಕ್ಕೆಯ ರೈತನ ಕೈಗಿಟ್ಟು, ಆಡಳಿತ ಮನೆಬಾಗಿಲಿಗೆ ಬಂತು ಎಂದು ಬೀಗುವವರಿಗೆ ಏನನ್ನೋಣ?

‘ಭೂಮಿ’ ಯೋಜನೆಯನ್ನೇ ನೋಡಿ. ಅದು ಸಣ್ಣ ಕೆಲಸವಲ್ಲ. 2000ದ ಆಸುಪಾಸಿನಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. 177 ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಅಚ್ಚುಕಟ್ಟಾದ ಕನ್ನಡ ಪಹಣಿ ಸಿಗತೊಡಗಿತು. ಗ್ರಾಮಲೆಕ್ಕಿಗರ ಬಗಲಿನ ಪುಸ್ತಕಕ್ಕೆ ಕಾಯುವ ಕಾಲ ಹೋಯಿತು. ಆ ಹೆಗ್ಗಳಿಕೆ ಅವರಿಗಿರಲಿ. ಆದರೆ ಅದೇ ಪಹಣಿಯನ್ನು ಮೊಬೈಲಿನಲ್ಲಿ ನೋಡಲು ಹೊರಡಿ. ಜಿಲ್ಲೆ ದಾವಣಗೆರೆ (1997ರವರೆಗೆ ಚಿತ್ರದುರ್ಗ), ತಾಲ್ಲೂಕು ಜಗಳೂರು, ಹೋಬಳಿ ಸೊಕ್ಕೆ, ಗ್ರಾಮ, ಸರ್ವೆ ನಂಬರು. ಇಲ್ಲಿಯವರೆಗೆ ರೈತನಿಗೆ ಗೊತ್ತಿರುವ ಮಾತು. ನಂಬರು ಬರೆದ ಮೇಲೆ ಪಕ್ಕದ ಗುಂಡಿ ಒತ್ತದಿದ್ದರೆ ಮುಂದಿನ ಬಾಗಿಲು ತೆರೆಯದು. ತೆರೆದರೆ ಎದುರಿಗೆ ನಿಲ್ಲುವುದು ‘ಸರ್ನೋಕ್’!

ಏನಿದು ಸರ್ನೋಕ್? ಅಜ್ಜ ಹೇಳಿದ ಮಾತಲ್ಲ, ಮೇಷ್ಟ್ರು ಕಲಿಸಿದ್ದಲ್ಲ. ಬಹಳಷ್ಟು ಸರ್ವೆ ನಂಬರುಗಳಿಗೆ ಅಲ್ಲಿ ಸಿಗುವುದು ಒಂದು ನಕ್ಷತ್ರದ ಗುರುತು. ಅದನ್ನೇ ಆರಿಸಬೇಕು, ಆಮೇಲೆ ಹಿಸ್ಸಾ, ಅವಧಿ, ವರ್ಷ. ಇರುವುದೊಂದೇ ನಕ್ಷತ್ರವಾದರೆ ಯಂತ್ರವೇ ಅದನ್ನು ಆರಿಸಿಕೊಳ್ಳಬಾರದೇ? ಕಚೇರಿಯ ಒಳಗಿನವರ ಅನುಕೂಲಕ್ಕೆ ಹುಟ್ಟಿದ ಪದ ಹಾಗೆಯೇ ಬೀದಿಗೆ ಬಂದು ನಿಂತಿದೆ.

ಇದು ಬರೀ ಕಿರಿಕಿರಿಯ ವಿಷಯ ಎನ್ನಬೇಡಿ. ಮಳೆ ನಂಬಿ ಬಿತ್ತುವ ಬರದ ತಾಲ್ಲೂಕು ಜಗಳೂರು. ಬೆಳೆ ಹೋದರೆ ಆಸರೆ ಬೆಳೆ ವಿಮೆ. ವಿಮೆಯ ಅರ್ಜಿಯಲ್ಲಿರುವ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಯೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರ! 2020ರಿಂದ ರೈತರೇ ಮೊಬೈಲಿನಲ್ಲಿ ಬೆಳೆ ದಾಖಲಿಸಬಹುದು ಎಂದಾಯಿತು. ಒಳ್ಳೆಯದೇ. ಆದರೆ ಬಿಸಿಲಿನಲ್ಲಿ ಹೊಲದ ನಡುವೆ ನಿಂತು, ಕಾಣದ ಪರದೆಯಲ್ಲಿ ಉದ್ದದ ಪಟ್ಟಿ ಜಾರಿಸುವಾಗ ಬೆರಳು ಶೇಂಗಾದಿಂದ ಮುಂದಿನ ಸಾಲಿಗೆ ಸರಿದರೆ? ‘ನೀವು ಶೇಂಗಾ ಎಂದು ಬರೆದಿದ್ದೀರಿ, ಹೌದೇ?’ ಎಂದು ದೊಡ್ಡಕ್ಷರದಲ್ಲಿ ಒಮ್ಮೆ ಕೇಳದ ಯಂತ್ರದ ತಪ್ಪಿಗೆ ದಂಡ ತೆರುವವನು ರೈತ.

ಹೆಸರಿನ ಕಥೆ ಬೇರೆ. ಪಹಣಿಯಲ್ಲಿ ಕನ್ನಡದ ತಿಪ್ಪೇಸ್ವಾಮಿ. ಇಂಗ್ಲಿಷಿಗೆ ಹೋದೊಡನೆ ಒಂದು ಕಡೆ ‘ಟಿ’ಯಿಂದ, ಇನ್ನೊಂದು ಕಡೆ ‘ಟಿಎಚ್’ನಿಂದ ಶುರು. ಒಬ್ಬನೇ ಮನುಷ್ಯ ಯಂತ್ರದ ಕಣ್ಣಿಗೆ ಇಬ್ಬರು!

ಕೊನೆಗೆ ಏನಾಗುತ್ತದೆ? ಒಂದು ದಿನದ ಕೂಲಿ ಬಿಟ್ಟು ಅಂಗಡಿಯ ಹುಡುಗನ ಮುಂದೆ ನಿಲ್ಲಬೇಕು. ಆಧಾರ್ ಅವನ ಕೈಗೆ, ಮೊಬೈಲಿಗೆ ಬಂದ ಓಟಿಪಿಯೂ ಅವನ ಕಿವಿಗೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಿದ್ದರು. ಈಗ ಪೂಜಾರಿಯ ಜಾಗದಲ್ಲಿ ಪರದೆ ಕೂತಿದೆ.

ನಗರದ ಕನ್ನಡ ತರುಣರೇ, ಈ ಗುಂಡಿಗಳನ್ನು ಮಾಡುತ್ತಿರುವವರು ಯಾರು? ನಿಮ್ಮಲ್ಲೇ ಅನೇಕರು! ಕನ್ನಡಕ್ಕೆ ಇದು ಆಗದು ಎಂಬ ನೆಪ ಬೇಡ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳೊಳಗೆ ನಮ್ಮ ಇಡೀ ವರ್ಣಮಾಲೆಯನ್ನು ಕೂರಿಸಿದರು. ‘ಕ’ ಬರುವ ಕೀಲಿಯಲ್ಲೇ ಶಿಫ್ಟ್ ಹಿಡಿದರೆ ‘ಖ’. ಒಮ್ಮೆ ತಿಳಿದರೆ ಮರೆಯುವ ಮಾತೇ ಇಲ್ಲ. ಟೈಪು ಮಾಡುವವನ ಕೈಯನ್ನೂ ತಲೆಯನ್ನೂ ನೆನೆದು ಮಾಡಿದ ಕೆಲಸವದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದೇ ವಿನ್ಯಾಸದ ಮೇಲೆ ನಿಂತಿತು. 1998ರಲ್ಲಿ ಶೇಷಾದ್ರಿವಾಸು ‘ಬರಹ’ ಕೊಟ್ಟರು. ಅಂದು ಇಲ್ಲದ ಸವಲತ್ತುಗಳೆಲ್ಲ ಇಂದು ನಿಮ್ಮ ಮೇಜಿನ ಮೇಲಿವೆ.

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದ್ದಾಯಿತು. ಟೇಪು ಹಿಡಿದು ಬೋರ್ಡು ಅಳೆಯುವ ನಾವು ಅಂಗೈಯ ಬೋರ್ಡನ್ನೂ ಓದಬೇಡವೇ? ನಿಘಂಟಿನಿಂದ ಕಿತ್ತು ತಂದ ‘ಮರುಹೊಂದಿಸು’ ಎಂಬ ಗುಂಡಿ ‘ಸಲ್ಲಿಸು’ ಪಕ್ಕದಲ್ಲೇ ಕೂತಿರುತ್ತದೆ. ತಪ್ಪಿ ತಾಗಿದರೆ ಅರ್ಧ ಗಂಟೆ ತುಂಬಿದ್ದೆಲ್ಲ ಮಾಯ! ಅದು ಅಲ್ಲಿ ಏಕಿದೆ? ಕಿತ್ತು ಹಾಕಿ. ‘ಸರಿ’, ‘ರದ್ದು’ ಬದಲು ‘ಅರ್ಜಿ ಅಳಿಸು’, ‘ಅರ್ಜಿ ಇರಲಿ’ ಎಂದು ಬರೆಯಿರಿ. ಇಷ್ಟಕ್ಕೆ ಹೊಸ ಯಂತ್ರ ಬೇಡ, ಕೋಟಿಗಳ ಟೆಂಡರೂ ಬೇಡ.

ಸರ್ಕಾರಕ್ಕೆ ನಮ್ಮ ಆಗ್ರಹ ಒಂದೇ. ಜನರ ಬಳಕೆಗೆಂದು ಮಾಡಿಸುವ ಯಾವ ತಂತ್ರಾಂಶಕ್ಕೂ, ಸೊಕ್ಕೆಯಂಥ ಊರಿನ ಹತ್ತು ಮಂದಿ ಯಾರ ನೆರವೂ ಇಲ್ಲದೆ ಅದನ್ನು ಬಳಸಿ ತೋರಿಸುವವರೆಗೆ ಗುತ್ತಿಗೆದಾರನ ಬಿಲ್ಲು ಪಾಸಾಗಬಾರದು. ಮಾಡಿದವರು ಪಕ್ಕದಲ್ಲೇ ಕೂತು ನೋಡಲಿ, ಬಾಯಿ ಮಾತ್ರ ಬಿಡಕೂಡದು.