ಪರದೆಯ ಪಾಠವೂ ಸಂತೆಯ ಪಾಠವೂ

ನ್ಯಾಯವೆಂದರೇನು, ಸರ್ಕಾರವೆಂದರೇನು, ಪ್ರಜೆಯ ಹಕ್ಕು ಯಾವುದು, ಹೊಣೆ ಯಾವುದು ಎಂಬುದನ್ನು ಶಾಲೆಯ ಮಕ್ಕಳಿಗೆ ಚಿತ್ರಗಳ ಮೂಲಕ ಕಲಿಸುವ ಪದ್ಧತಿ ಈಗ ಬಳಕೆಗೆ ಬಂದಿದೆ. ಗೋಡೆಯ ಮೇಲೆ ಪರದೆ, ಇಲ್ಲವಾದರೆ ಟೀವಿ, ಅದೂ ಇಲ್ಲವಾದರೆ ಮೇಷ್ಟರ ಕೈಯ ಮೊಬೈಲು. ಇದನ್ನು ನಾವು ಸ್ವಾಗತಿಸುತ್ತೇವೆ. ಇದು ದೊಡ್ಡ ಫೀಸಿನ ಶಾಲೆಗಳ ಸೊತ್ತಾಗಿ ಉಳಿಯದೆ ಸಂತೇಬೆನ್ನೂರಿನ, ನ್ಯಾಮತಿಯ, ಜಗಳೂರಿನ ಹಳ್ಳಿ ಶಾಲೆಗಳಿಗೂ ತಲುಪಬೇಕು. ಆದರೆ ತಲುಪುವುದು ಏನು, ಯಾರ ಮಾತು, ಯಾವ ಭಾಷೆ, ಚಿತ್ರ ಮುಗಿದ ಮೇಲೆ ಮಗು ಎದ್ದು ನಿಂತು ಪ್ರಶ್ನೆ ಕೇಳಬಹುದೇ ಕೂಡದೇ ಎಂಬುದನ್ನು ವಿಚಾರಿಸದೆ ಚಪ್ಪಾಳೆ ತಟ್ಟಲು ನಾವು ಸಿದ್ಧರಿಲ್ಲ.

ಗಿರಣಿಯಲ್ಲಿ ದುಡಿಯುವವರಿಗೂ ತಕ್ಕಡಿ ಹಿಡಿದು ಬದುಕುವವರಿಗೂ ಶಾಲೆಯ ಪಾಠದ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ಗೊಡವೆ ಅವರಿಗೇ ಹೆಚ್ಚು. ಉಳ್ಳವರ ಮನೆಯಲ್ಲಿ ಕಾನೂನು ತಿಳಿದ ನೆಂಟನೊಬ್ಬ ಇದ್ದೇ ಇರುತ್ತಾನೆ. ಇಲ್ಲದವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವೇ ವಕೀಲ. ಕನಿಷ್ಠ ವೇತನಕ್ಕೆ ಈ ದೇಶ 1948ರಲ್ಲೇ ಕಾನೂನು ಮಾಡಿತು. 2019ರಲ್ಲಿ ಪಾರ್ಲಿಮೆಂಟು ಅದನ್ನು ವೇತನ ಸಂಹಿತೆಯೊಳಗೆ ಸೇರಿಸಿತು. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆ ಬಂತು; ಪಟ್ಟಣದ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕೆಂದು ಅದು ಹೇಳುತ್ತದೆ. ಇವೆಲ್ಲ ಪುಸ್ತಕದಲ್ಲಿ ಭದ್ರವಾಗಿವೆ. ಆದರೆ ತಿಳಿದವನ ಪಾಲಿಗೆ ಮಾತ್ರ ಅದು ಕಾನೂನು. ತಿಳಿಯದವನ ಪಾಲಿಗೆ ಬರಿಯ ಕಾಗದ.

ಚಿತ್ರ ತೋರಿಸಿ ಜನರಿಗೆ ಪಾಠ ಹೇಳುವುದು ಹೊಸದಲ್ಲ. 1948ರಲ್ಲಿ ಕೇಂದ್ರ ಸರ್ಕಾರ ಫಿಲ್ಮ್ಸ್ ಡಿವಿಷನ್ ಸ್ಥಾಪಿಸಿತು. ಟಾಕೀಸಿನಲ್ಲಿ ಸಿನಿಮಾ ಆರಂಭವಾಗುವ ಮುನ್ನ ಅದರ ವಾರ್ತಾಚಿತ್ರವನ್ನು ಕಡ್ಡಾಯವಾಗಿ ತೋರಿಸುತ್ತಿದ್ದುದು ನಮ್ಮ ಹಿರಿಯ ಓದುಗರಿಗೆ ನೆನಪಿರಬಹುದು. ಅಣೆಕಟ್ಟು ಎದ್ದದ್ದು ಅದರಲ್ಲಿ ಕಾಣುತ್ತಿತ್ತು. ಅಣೆಕಟ್ಟಿನ ನೀರಿನಲ್ಲಿ ಮನೆ ಮುಳುಗಿದವನ ಮುಖ ಕಾಣುವುದು ಅಪರೂಪವಾಗಿತ್ತು.

ಅದಕ್ಕಿಂತ ದೊಡ್ಡ ಪ್ರಯೋಗ ನಡೆದದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ. ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯದ ಮಾತು. ಒಳ್ಳೆಯ ಕೆಲಸವೇ. ಆದರೆ ಅದು ಯಾವ ವರ್ಷ ಎಂಬುದನ್ನು ಮರೆಯುವಂತಿಲ್ಲ. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಸಮಾಜವಾದಿ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಜೈಲಿನಲ್ಲಿ ಕೂಡಿಹಾಕಿದ್ದರು. ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಆಕೆ ತೀರಿಕೊಂಡರು. ಹಳ್ಳಿಗೆ ಪಾಠ ಹೇಳುವ ಪೆಟ್ಟಿಗೆ ಬಂದ ಕಾಲದಲ್ಲೇ ಹಳ್ಳಿಯವನು ಎದುರು ಮಾತನಾಡುವ ಹಕ್ಕು ಹೋಗಿತ್ತು. ಪಾಠ ಹೇಳುವ ಯಂತ್ರ ಬೇರೆ, ಪ್ರಜಾಪ್ರಭುತ್ವ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದೆಯೆಂದು ತಿಳಿಯಬಾರದು.

ಇತ್ತೀಚಿನ ಮಾತಿಗೆ ಬರೋಣ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಸರ್ಕಾರ ಚಂದನ ವಾಹಿನಿಯಲ್ಲಿ ಪಾಠ ಹೇಳಿಸಿತು. ಟೀವಿ ಇದ್ದ ಮನೆಯ ಮಗು ಕೇಳಿತು. ಇಲ್ಲದ ಮನೆಯ ಮಗು ಕೂಲಿಗೆ ಹೋದ ತಾಯಿಯ ಹಿಂದೆ ಹೋಯಿತು. ಆಗ ‘ವಿದ್ಯಾಗಮ’ ಎಂದು ಮೇಷ್ಟರುಗಳೇ ಗುಡಿಯ ಜಗಲಿಗೆ, ಮರದ ನೆರಳಿಗೆ ಹೋಗಿ ಪಾಠ ಹೇಳಬೇಕಾಯಿತು. ಪರದೆ ಮೇಷ್ಟರಿಗೆ ನೆರವಾಗಬಲ್ಲದು, ಮೇಷ್ಟರ ಜಾಗಕ್ಕೆ ಬರಲಾರದು ಎಂಬುದು ಆ ವರ್ಷ ರುಜುವಾತಾಯಿತು.

2023ರಲ್ಲಿ ರಾಜ್ಯ ಸರ್ಕಾರ ಶಾಲೆ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ತೀರ್ಮಾನಿಸಿತು. 2024ರ ಜನವರಿ 26ರಿಂದ ಸಂವಿಧಾನ ಜಾಗೃತಿ ಜಾಥಾದ ಸ್ತಬ್ಧಚಿತ್ರಗಳು ಪಂಚಾಯಿತಿ ಪಂಚಾಯಿತಿಗೂ ಬಂದು ಹೋದವು. 2014ರಲ್ಲಿ ಶ್ಯಾಮ್ ಬೆನಗಲ್ಲರು ಸಂವಿಧಾನ ರಚನೆಯ ಕಥೆಯನ್ನು ಹತ್ತು ಕಂತುಗಳಲ್ಲಿ ಚಿತ್ರಿಸಿದ್ದರು. ಆ ಸಭೆಯಲ್ಲಿ ಎಂತೆಂಥ ವಾದಗಳು ನಡೆದವು, ಅಂಬೇಡ್ಕರರು ಹೇಗೆ ಉತ್ತರ ಕೊಟ್ಟರು ಎಂಬುದನ್ನು ಕಣ್ಣಾರೆ ಕಾಣುವಂತೆ ಮಾಡಿದ ಕೆಲಸ ಅದು. ಆದರೆ ಅದು ಇದ್ದದ್ದು ಹಿಂದಿಯಲ್ಲಿ.

ಇದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು 1967ರಲ್ಲಿ ಸಮಾಜವಾದಿಯಾಗಿ ಲೋಕಸಭೆಗೆ ಗೆದ್ದು ಹೋಗಿ, ಅಲ್ಲಿ ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಪಾರ್ಲಿಮೆಂಟಿಗೇ ಕನ್ನಡ ಕೇಳಿಸಿದ ನೆಲದ ಮಕ್ಕಳು ತಮ್ಮ ಹಕ್ಕಿನ ಪಾಠವನ್ನು ಅರ್ಥವಾಗದ ಭಾಷೆಯಲ್ಲಿ ನೋಡುತ್ತಾ ಕೂರಬೇಕೇ? ಕನ್ನಡವೆಂದರೆ ನಿಘಂಟಿನಿಂದ ಹೆಕ್ಕಿ ತಂದ ಕನ್ನಡವೂ ಅಲ್ಲ. ಸಂತೆಯಲ್ಲಿ, ಕಣದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಆಡುವ ಕನ್ನಡದಲ್ಲಿ ಚಿತ್ರ ಮಾತನಾಡಬೇಕು.

ಭಾಷೆಯಷ್ಟೇ ಅಲ್ಲ, ವಸ್ತುವೂ ನಮ್ಮದಾಗಬೇಕು. ಸಂತೇಬೆನ್ನೂರಿನ ಹೊಂಡದ, ಅದರ ನಡುವಿನ ಮಂಟಪದ ಚಿತ್ರ ತೆಗೆದವರು ಸಾವಿರಾರು ಮಂದಿ. ಸಂತೆಯ ಸುಂಕದ ಚಿತ್ರ ತೆಗೆದವರನ್ನು ನಾವು ಕಂಡಿಲ್ಲ. ಪಂಚಾಯಿತಿಯವರು ಸುಂಕದ ಹಕ್ಕನ್ನು ಹರಾಜು ಹಾಕುತ್ತಾರೆ. ಹರಾಜು ಕೂಗಿದವನು ಸೊಪ್ಪಿನ ಗಂಟಿಗಿಷ್ಟು, ಬುಟ್ಟಿಗಿಷ್ಟು ಎಂದು ವಸೂಲು ಮಾಡುತ್ತಾನೆ. ಗೊತ್ತುಪಡಿಸಿದ ದರವೆಷ್ಟು? ರಶೀದಿ ಎಲ್ಲಿ? ಬಂದ ಹಣದಲ್ಲಿ ಸಂತೆ ಮಾಳಕ್ಕೆ ನೀರು, ನೆರಳು ಬಂತೇ? ತೆರಿಗೆ ಎಂದರೇನು, ಸ್ಥಳೀಯ ಸರ್ಕಾರ ಎಂದರೇನು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ದೆಹಲಿಯಲ್ಲಿ ಸಿಗುವುದಿಲ್ಲ.

ಭದ್ರಾ ನಾಲೆಯನ್ನು ತೆಗೆದುಕೊಳ್ಳಿ. ನಾಲೆಯ ತಲೆಯಲ್ಲಿ ತೋಟ ಹಸುರಾಗಿದೆ. ಕೊನೆಯಂಚಿನ ರೈತ ನೀರಿಗಾಗಿ ಮತ್ತೆ ಮತ್ತೆ ರಸ್ತೆಗೆ ಇಳಿಯುತ್ತಾನೆ. ಮೇಲಿನ ಗದ್ದೆಯವನ ಮಗನೂ ಕೊನೆಯ ಗದ್ದೆಯವನ ಮಗಳೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ನೀರನ್ನು ಹೇಗೆ ಹಂಚಬೇಕು ಎಂದು ಅವರನ್ನೇ ಕೇಳಿ ನೋಡಿ. ನ್ಯಾಯ ಎಷ್ಟು ಕಷ್ಟದ ಕೆಲಸವೆಂಬುದು ಆ ಒಂದು ಗಂಟೆಯಲ್ಲಿ ತಿಳಿಯುತ್ತದೆ.

ಕಾಗೋಡಿನ ಕಥೆಯನ್ನೂ ಹೇಳಿ. 1951ರಲ್ಲಿ ಸಾಗರ ತಾಲ್ಲೂಕಿನ ಆ ಹಳ್ಳಿಯ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಷಯವಾಗಿ. ಕೊಳಗ ದೊಡ್ಡದಾದರೆ ಒಡೆಯನಿಗೆ ಲಾಭ, ಗೇಣಿದಾರನಿಗೆ ಉಪವಾಸ. ಗಣಪತಿಯಪ್ಪನವರೂ ಶಾಂತವೇರಿ ಗೋಪಾಲಗೌಡರೂ ಅವರೊಡನೆ ನಿಂತರು; ಲೋಹಿಯಾ ಬಂದು ದಸ್ತಗಿರಿಯಾದರು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಕಾನೂನು ಜಾರಿಗೆ ಬಂದದ್ದು 1974ರಲ್ಲಿ. ಅಳತೆಯ ಪಾತ್ರೆಯಿಂದ ಶಾಸನಸಭೆಯವರೆಗಿನ ಈ ದಾರಿ ನಮ್ಮ ವ್ಯಾಪಾರಿ ಮಿತ್ರರ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ. ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಏಕೆ ಬೇಕೆಂಬುದು ಅವರಿಗೆ ಗೊತ್ತಿದೆಯಲ್ಲ!

ಮಕ್ಕಳಿಗೆ ರಾಜಕೀಯ ತುಂಬುತ್ತೀರಾ ಎಂದು ಕೆಲವರು ಗದರಬಹುದು. ಹದಿನೆಂಟು ತುಂಬಿದವರಿಗೆ ಮತದ ಹಕ್ಕು 1989ರಿಂದ ಇದೆ. ಹತ್ತನೆಯ ತರಗತಿ ಮುಗಿಸಿದ ಹುಡುಗಿ ಎರಡು ಮೂರು ವರ್ಷಗಳಲ್ಲಿ ಮತಪೆಟ್ಟಿಗೆಯ ಮುಂದೆ ನಿಲ್ಲುತ್ತಾಳೆ. ಅಲ್ಲಿಯವರೆಗೆ ಏನನ್ನೂ ಹೇಳದೆ, ಅಂದು ಒಮ್ಮೆಗೇ ವಿವೇಕ ಬರಲಿ ಎಂದರೆ ಬರುತ್ತದೆಯೇ? ಬರುವುದು ಸೀರೆ ಮತ್ತು ನೋಟು ಹಂಚುವವನು. ಪಕ್ಷದ ಪ್ರಚಾರ ಶಾಲೆಗೆ ಬರಬಾರದೆಂಬ ಮಾತನ್ನು ನಾವು ಒಪ್ಪುತ್ತೇವೆ. ನಮ್ಮ ಪಕ್ಷದ್ದಾದರೂ ಅದೇ ನಿಯಮ. ಗಿರಣಿ ಕೆಲಸಗಾರನ ಮಾತು ತೋರಿಸಿದ ಚಿತ್ರ ಮಾಲೀಕನ ಉತ್ತರವನ್ನೂ ತೋರಿಸಲಿ. ಎರಡನ್ನೂ ಕೇಳಿ ತೂಗುವುದನ್ನು ಕಲಿಯದ ಮಗು ನಾಳೆ ನಮ್ಮ ಘೋಷಣೆಯನ್ನೂ ಗಿಳಿಪಾಠ ಒಪ್ಪಿಸೀತು. ಅಂಥ ಅನುಯಾಯಿಗಳಿಂದ ಸಮಾಜವಾದಕ್ಕೆ ಬಲ ಬಾರದು.

ಪೀಠಿಕೆಯಲ್ಲಿರುವ ‘ಸಮಾಜವಾದಿ’ ಎಂಬ ಮಾತನ್ನು ತೆಗೆಯಬೇಕೆಂದು ಹೂಡಿದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತಳ್ಳಿಹಾಕಿತು. ಮಾತು ಉಳಿಯಿತು, ಸಂತೋಷ. ಆದರೆ ಅದಕ್ಕೂ ಮುಂಚಿನಿಂದ, 1949ರಿಂದಲೇ, ಅಲ್ಲಿ ಇನ್ನೊಂದು ಮಾತಿದೆ: ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿಯುವವನ ಮಗು ಪ್ರತಿದಿನ ಬೆಳಿಗ್ಗೆ ಅದನ್ನು ಗಟ್ಟಿಯಾಗಿ ಓದುತ್ತದೆ. ಆರ್ಥಿಕ ನ್ಯಾಯವೆಂದರೆ ನಮ್ಮಪ್ಪನ ಕೂಲಿಯೂ ಸೇರಿತೇ ಎಂದು ಅದು ಕೇಳಿದರೆ ಗದರಿ ಕೂರಿಸುವ ಶಾಲೆ ಬೇಡ. ಸೇರಿತು, ಹೇಗೆಂದು ನೋಡೋಣ ಎನ್ನುವ ಶಾಲೆ ಬೇಕು.

ಆದ್ದರಿಂದ ವಿದ್ಯಾ ಇಲಾಖೆಯವರಲ್ಲಿ ನಮ್ಮ ಒತ್ತಾಯ ಇಷ್ಟು. ಚಿತ್ರ ಹತ್ತು ನಿಮಿಷವಿದ್ದರೆ ಚರ್ಚೆ ಅರ್ಧ ಗಂಟೆಯಿರಲಿ. ನಡುವೆ ನಿಲ್ಲಿಸಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಮಕ್ಕಳನ್ನು ಕೇಳಲಿ. ಪ್ರಶ್ನೆಗೆ ಅವಕಾಶ ಕೊಟ್ಟ ಮೇಷ್ಟರಿಗೆ ಮೇಲಿನವರಿಂದ ಕಿರುಕುಳ ಬಾರದಿರಲಿ. ಪರದೆ ಕೊಂಡು ಬೀರುವಿನಲ್ಲಿ ಬೀಗ ಹಾಕಿಡುವ ಬದಲು ಕರೆಂಟು, ರಿಪೇರಿಗೆ ಹಣ ಕೊಡಲಿ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಆದೇಶ ನಮ್ಮ ರಾಜ್ಯದಲ್ಲಿದೆ; ಪರದೆಯಲ್ಲಿ ಕಲಿತದ್ದನ್ನು ಮಕ್ಕಳು ಅಲ್ಲಿ ಆಡಿ ತೋರಿಸಲಿ, ಅವರ ಅಹವಾಲಿಗೆ ಪಂಚಾಯಿತಿ ಬರಹದಲ್ಲಿ ಉತ್ತರ ಕೊಡಲಿ.

ಓದುಗರಲ್ಲೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಮಕ್ಕಳ ತಂದೆ ತಾಯಿ ಪೋಷಕರೇ ಆಗಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆ ಕುರ್ಚಿ ನಿಮ್ಮದು. ಪಾಳಿ ಮುಗಿಸಿ ಬಂದವರು, ಅಂಗಡಿಯ ಬಾಗಿಲು ಹಾಕಿದವರು ಮುಂದಿನ ಸಭೆಗೆ ಹೋಗಿ. ಮಕ್ಕಳಿಗೆ ತೋರಿಸುವ ಚಿತ್ರವನ್ನು ಮೊದಲು ನಮಗೆ ತೋರಿಸಿ ಎಂದು ಕೇಳಿ. ನೋಡಿದ ಮೇಲೆ ಮನೆಯಲ್ಲಿ ಮಗುವಿನೊಡನೆ ಅದರ ಮಾತು ತೆಗೆಯಿರಿ. ಅದು ಪ್ರಶ್ನೆ ಕೇಳಿದರೆ ಬಾಯಿ ಮುಚ್ಚಿಸಬೇಡಿ.