ಉದ್ದು ಬೆಳೆದ ಗದ್ದೆಗೆ ಗೊಬ್ಬರವೇ ಬೇಡವೇ?

ಪುತ್ತೂರು ತಾಲೂಕಿನ ಬೆಟ್ಟಂಪಾಡಿಯೂ ಸೇರಿದ ಕರಾವಳಿ ಭಾಗದಲ್ಲಿ ಭತ್ತದ ಕೊಯ್ಲಿನ ನಂತರ, ಗದ್ದೆಯಲ್ಲಿ ಉಳಿದ ತೇವದಲ್ಲೇ ಉದ್ದು, ಹೆಸರು ಬೆಳೆಯುವುದು ಹಳೆಯ ರೂಢಿ. ‘ಉದ್ದು ಬೆಳೆದರೆ ಸಾಕು, ಮುಂದಿನ ಭತ್ತಕ್ಕೆ ಗೊಬ್ಬರ ಬೇಡ’ ಎಂಬ ನಂಬಿಕೆಯೂ ಇದೆ. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ನಮ್ಮ ಉತ್ತರ: ಅರ್ಧ ಮಾತ್ರ ನಿಜ. ಉದ್ದಿನ ಬೇರುಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಆದರೆ ಅದರಲ್ಲಿ ದೊಡ್ಡ ಪಾಲು ಕಾಳಿನ ಪ್ರೋಟೀನ್ ಆಗಿ ನಮ್ಮ ಅಡುಗೆಮನೆ ಸೇರುತ್ತದೆ. ಬೇರು, ಸೊಪ್ಪಿನಲ್ಲಿ ಇರುವಷ್ಟೇ ಮಣ್ಣಿಗೆ ಸಿಗುತ್ತದೆ. ಗಿಡವನ್ನು ಬುಡಸಮೇತ ಕಿತ್ತು ಹೊರಗೆ ಸಾಗಿಸಿದರೆ ಅದೂ ಇಲ್ಲ.

ಇನ್ನು ರಂಜಕ, ಪೊಟ್ಯಾಷ್ ಗಾಳಿಯಿಂದ ಬರುವುದಿಲ್ಲ. ಭತ್ತ ಹೀರಿದ ಪೊಟ್ಯಾಷ್‌ನ ಸುಮಾರು ಮುಕ್ಕಾಲು ಪಾಲು ಬೈಹುಲ್ಲಿನಲ್ಲಿರುತ್ತದೆ. ಹಿಂದೆ ಹುಲ್ಲು ತಿಂದ ದನಗಳ ಹಟ್ಟಿಗೊಬ್ಬರ ಗದ್ದೆಗೇ ಮರಳುತ್ತಿತ್ತು. ಹುಲ್ಲು ಮಾರಾಟವಾದರೆ, ಅಥವಾ ಗೊಬ್ಬರವೆಲ್ಲ ಅಡಿಕೆ ತೋಟಕ್ಕೆ ಹೋದರೆ, ಗದ್ದೆಗೆ ವರ್ಷವೂ ನಷ್ಟವೇ. ವರ್ಷಕ್ಕೆ 3,500 ಮಿಲಿಮೀಟರ್‌ನಷ್ಟು ಸುರಿಯುವ ಮಳೆಯೂ ಪೋಷಕಾಂಶಗಳನ್ನು ತೊಳೆದೊಯ್ಯುತ್ತದೆ. ಇಲ್ಲಿನ ಹುಳಿ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀರು ನಿಂತಾಗ ಒಂದಿಷ್ಟು ಬಿಡುಗಡೆಯಾದರೂ, ಗದ್ದೆ ಒಣಗಿದಾಗ ಮತ್ತೆ ಬಂಧಿಯಾಗುತ್ತದೆ.

ಹಾಗೆಂದು ಉದ್ದು ಬಿಡಬೇಕಿಲ್ಲ. ಕಾಳು ಬಿಡಿಸಿದ ಗಿಡವನ್ನು ಗದ್ದೆಗೇ ಸೇರಿಸಿ, ಹಟ್ಟಿಗೊಬ್ಬರದಲ್ಲಿ ಗದ್ದೆಗೂ ಪಾಲು ಕೊಡಿ. ಸುಣ್ಣ, ರಂಜಕ, ಪೊಟ್ಯಾಷ್ ಎಷ್ಟು ಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ. ಉದ್ದು ಸಾರಜನಕದ ಖರ್ಚನ್ನು ತಗ್ಗಿಸಬಹುದು. ಉಳಿದ ಲೆಕ್ಕವನ್ನು ನಾವೇ ತುಂಬಬೇಕು.