ಅಷ್ಟು ಪ್ರೀತಿ ಇದ್ರೆ ಮನೆಗೇ ಕರ್ಕೊಂಡು ಹೋಗ್ರೀ...

ಬೀದಿನಾಯಿ ವಿಷಯ ಎಲ್ಲಿ ಎತ್ತಿದರೂ ಸರಿ, ಎರಡನೇ ನಿಮಿಷಕ್ಕೆ ಈ ಮಾತು ಬಂದೇ ಬರುತ್ತೆ. "ಅಷ್ಟು ಪ್ರೀತಿ ಇದ್ರೆ ನಿಮ್ಮನೆಗೇ ಕರ್ಕೊಂಡು ಹೋಗ್ರೀ." ಮದುವೆಮನೆಯ ಪಂಕ್ತಿಯಲ್ಲಿ, ಆಫೀಸಿನ ಕಾಫಿ ಮಷೀನ್ ಹತ್ತಿರ, ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ... ಹೇಳಿದವರ ಮುಖದಲ್ಲಿ ವಾದ ಗೆದ್ದುಬಿಟ್ಟ ತೃಪ್ತಿ ಬೇರೆ.

ಸ್ವಾಮೀ, ನಾನು ಕರ್ಕೊಂಡು ಬಂದಿದ್ದೇನೆ. ಮೂರೂವರೆ ವರ್ಷ ಆಯ್ತು. ಆದ್ದರಿಂದಲೇ ಧೈರ್ಯವಾಗಿ ಹೇಳ್ತಿದ್ದೇನೆ, ಇದರಷ್ಟು ಪೊಳ್ಳು ಮಾತು ಇನ್ನೊಂದಿಲ್ಲ.

ಅವಳ ಹೆಸರು ಕೆಂಚಿ. ಬೆಂಗಳೂರಿನ ನಮ್ಮ ಬಡಾವಣೆಯ ಬೇಕರಿ ಮುಂದೆಯೇ ಇದ್ದವಳು. ಯಾರದೋ ಕಾರು ಹಿಂಗಾಲಿನ ಮೇಲೆ ಹೋಯ್ತು. ಪ್ರಾಣಿಗಳನ್ನು ನೋಡಿಕೊಳ್ಳುವ ಹುಡುಗರು ಆಪರೇಷನ್ ಮಾಡಿಸಿದರು, ಆಮೇಲೆ ಆರು ವಾರ ಇಟ್ಟುಕೊಳ್ಳಲು ಯಾರದಾದರೂ ಮನೆ ಬೇಕಿತ್ತು. ಕಾಲು ಕೂಡಿತು, ಆದರೆ ಕುಂಟು ಉಳೀತು. ಕುಂಟುವ ನಾಯಿಯನ್ನು ಆ ಟ್ರಾಫಿಕ್ಕಿಗೆ ವಾಪಸ್ ಬಿಡೋದು ಹೇಗೆ? ಹಾಗಾಗಿ ಇಲ್ಲೇ ಉಳಿದಳು. ಅವಳ ಕಿವಿಯ ತುದಿಯಲ್ಲಿ ಒಂದು ಸಣ್ಣ ಕಚ್ಚು ಇದೆ. ನೋಡಿದವರೆಲ್ಲ "ಅಯ್ಯೋ ಪಾಪ, ಯಾವ ಪಾಪಿ ಕತ್ತರಿಸಿದ?" ಅಂತಾರೆ. ಅದು ಪಾಪಿಯ ಕೆಲಸ ಅಲ್ಲ ಮಾರಾಯ್ರೆ, ಸಂತಾನಹರಣ ಚಿಕಿತ್ಸೆ ಆಗಿದೆ ಅನ್ನೋದರ ಗುರುತು. ಈ ಕಿವಿಯ ವಿಷಯಕ್ಕೆ ಆಮೇಲೆ ಬರ್ತೀನಿ.

ಬೀದಿಯ ನಾಯಿ ಫ್ಲಾಟಿಗೆ ಬಂದರೆ ಏನಾಗುತ್ತೆ ಅಂತ "ಕರ್ಕೊಂಡು ಹೋಗ್ರೀ" ಅನ್ನೋರಿಗೆ ಗೊತ್ತಾ? ಮೊದಲ ಹತ್ತು ದಿನ ಅವಳು ಮಂಚದ ಕೆಳಗೇ ಇದ್ದಳು. ನಾವು ನೋಡ್ತಿದ್ದರೆ ಊಟ ಮುಟ್ಟುತ್ತಿರಲಿಲ್ಲ. ನಾವು ಆಚೆ ಹೋದರೆ ಅರ್ಧ ನಿಮಿಷಕ್ಕೆ ತಟ್ಟೆ ಖಾಲಿ, ಇನ್ಯಾರೋ ಬಂದು ಕಿತ್ಕೊಂಡು ಹೋಗ್ತಾರೆ ಅನ್ನೋ ಹಾಗೆ. ಟೈಲ್ಸ್ ಮೇಲೆ ಕಾಲು ಜಾರಿ ಹೆದರಿ, ಹಾಸಿದ ಗೋಣಿತಾಟು ಬಿಟ್ಟು ಕದಲುತ್ತಿರಲಿಲ್ಲ. ಕುಕ್ಕರ್ ಕೂಗಿದರೆ ನಡುಗೋದು. ಮನೆಯೊಳಗೆ ಮಾತ್ರ ಒಂದು ಹನಿ ಗಲೀಜು ಮಾಡಲಿಲ್ಲ. ರಾತ್ರಿಯೆಲ್ಲ ತಡೆದುಕೊಂಡು ಬೆಳಿಗ್ಗೆ ಐದಕ್ಕೆ ಬಾಗಿಲ ಹತ್ತಿರ ನಿಂತು ಮುಖ ನೋಡುತ್ತಿದ್ದಳು. ಮೂರು ತಿಂಗಳಾದ ಮೇಲೆ ಒಂದಿನ ನಾನು ಟೀವಿ ನೋಡ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು. ನಾನು ಅಲ್ಲಾಡಲಿಲ್ಲ, ಎದ್ದು ಹೋಗಿಬಿಟ್ರೆ ಅಂತ!

ಇವತ್ತಿಗೂ ಯಾರಾದರೂ ಪೊರಕೆ ಎತ್ತಿದರೆ ಅವಳು ನೆಲಕ್ಕೆ ಅಂಟಿಕೊಳ್ಳುತ್ತಾಳೆ. ಗುಡಿಸೋಕೆ ಎತ್ತಿದ್ದು ಅಂತ ಎಷ್ಟು ಸಲ ತೋರಿಸಿದರೂ ಅಷ್ಟೆ.

ಅಮ್ಮ ಈಗಲೂ ಅವಳನ್ನು ಅಡುಗೆಮನೆಗೆ ಬಿಡಲ್ಲ. ಕೆಂಚಿ ಹೊಸ್ತಿಲ ಈಚೆ ಕೂತು ಕಾಯ್ತಾಳೆ, ದಾಟಲ್ಲ. ಇಬ್ಬರಿಗೂ ಒಪ್ಪಂದ ಇದೆ, ನಾನು ತಲೆ ಹಾಕಲ್ಲ.

ಇನ್ನು ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಉಣ್ಣೆ ಔಷಧಿ, ಒಂದು ಸಲ ಉಣ್ಣೆ ಜ್ವರ ಬಂದು ರಕ್ತಪರೀಕ್ಷೆ, ಇಪ್ಪತ್ತೊಂದು ದಿನ ಮಾತ್ರೆ. ದೀಪಾವಳಿಯ ಮೂರೂ ರಾತ್ರಿ ಬಚ್ಚಲಮನೆಯಲ್ಲಿ ಅವಳ ಜೊತೆ ಕೂರೋದು. ನಾನು, ನನ್ನ ಹೆಂಡತಿ ಇಬ್ಬರೂ ಒಟ್ಟಿಗೆ ಊರಿಗೆ ಹೋಗಿದ್ದು ಈ ಮೂರೂವರೆ ವರ್ಷದಲ್ಲಿ ಎರಡೇ ಸಲ. ದೂರ್ತಿಲ್ಲ ನಾನು. ಒಂದು ನಾಯಿಗೆ ಇಷ್ಟು ಬೇಕು ಅಂತ ಲೆಕ್ಕ ಹೇಳ್ತಿದ್ದೇನೆ ಅಷ್ಟೆ.

2023ರಲ್ಲಿ ಆಗಿನ ಬಿಬಿಎಂಪಿ ಮಾಡಿಸಿದ ಎಣಿಕೆಯ ಪ್ರಕಾರ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಹೇಳಿ, ಯಾರ ಮನೆಗೆ ಕರ್ಕೊಂಡು ಹೋಗೋಣ? ಇವುಗಳಲ್ಲಿ ಎಷ್ಟೋ ನಾಯಿಗಳು ವಯಸ್ಸಾದವು, ಹುಟ್ಟಿದ ಬೀದಿಯೇ ಅವುಗಳ ಮನೆ, ನಾಲ್ಕು ಗೋಡೆಯೊಳಗೆ ಹುಚ್ಚು ಹಿಡಿದಂತೆ ಆಡುತ್ತವೆ. ಗಾಯ ಆದದ್ದು, ತಾಯಿ ಸತ್ತ ಮರಿ, ಸಾಕಿದವರು ಬಿಟ್ಟುಹೋದದ್ದು, ಇಂಥವಕ್ಕೆ ಮನೆ ಬೇಕು, ನಿಜ. ಆದರೆ ನೀವು ಒಂದನ್ನು ಕರ್ಕೊಂಡು ಬರೋಷ್ಟರಲ್ಲಿ, ಆಪರೇಷನ್ ಆಗದ ಇನ್ನೊಂದು ಎರಡೇ ತಿಂಗಳಲ್ಲಿ ಐದಾರು ಮರಿ ಹಾಕಿರುತ್ತೆ. ಅದೇ ಕಸದ ರಾಶಿ, ಅದೇ ಕೋಳಿ ಅಂಗಡಿಯ ಕಸ, ಅಲ್ಲಿಗೇ ಹೊಸ ನಾಯಿ ಬಂದು ಸೇರುತ್ತೆ.

ಕಿವಿಯ ಕಚ್ಚಿನ ವಿಷಯ ಹೇಳ್ತೀನಿ ಅಂದಿದ್ದೆನಲ್ಲ. 2019ರ ಎಣಿಕೆಯಲ್ಲಿ ಇದೇ ಊರಿನಲ್ಲಿ ಸುಮಾರು 3.10 ಲಕ್ಷ ನಾಯಿಗಳಿದ್ದವು. ನಾಲ್ಕು ವರ್ಷದಲ್ಲಿ ಇಳಿದಿದ್ದು ನನ್ನಂಥವರು ದತ್ತು ತಗೊಂಡಿದ್ದರಿಂದ ಅಲ್ಲವೇ ಅಲ್ಲ. ಆಪರೇಷನ್ ಆದ ನಾಯಿಗಳ ಪಾಲು ಹೆಚ್ಚಿದೆ ಅಂತಲೂ ಅದೇ ಎಣಿಕೆ ಹೇಳಿತ್ತು. ಹಿಡಿ, ಆಪರೇಷನ್ ಮಾಡು, ಲಸಿಕೆ ಹಾಕು, ಅಲ್ಲೇ ಬಿಡು - 2001ರ ನಿಯಮವೂ ಅದೇ, 2023ರ ನಿಯಮವೂ ಅದೇ. ನೂರಕ್ಕೆ ಎಪ್ಪತ್ತು ನಾಯಿಗೆ ಲಸಿಕೆ ಆದರೆ ರೇಬಿಸ್ ಹರಡೋದು ನಿಲ್ಲುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ಇದು ಪಾಲಿಕೆಯ ಕೆಲಸ, ನಿಮ್ಮ ತೆರಿಗೆಯ ಕೆಲಸ. ಪ್ರೀತಿಗೂ ಇದಕ್ಕೂ ಏನ್ರೀ ಸಂಬಂಧ? ಮಲೇರಿಯಾ ಬಂತು ಅಂದ್ರೆ "ಸೊಳ್ಳೆ ನಿಮ್ಮನೆಗೆ ಕರ್ಕೊಂಡು ಹೋಗಿ" ಅಂತೀರಾ?

ನಾಯಿ ಕಡಿತದ ಭಯ ಸುಳ್ಳು ಅಂತ ನಾನು ಹೇಳ್ತಿಲ್ಲ. ನನ್ನ ಅಕ್ಕನ ಮಗನಿಗೇ ಕಚ್ಚಿದೆ, ಇಂಜೆಕ್ಷನ್ನಿಗೆ ಐದು ಸಲ ಓಡಾಡಿದ್ದೇವೆ. ರೇಬಿಸ್ ಲಕ್ಷಣ ಕಾಣಿಸಿತು ಅಂದ್ರೆ ಬದುಕೋದು ಇಲ್ಲ ಅನ್ನೋಷ್ಟು ಕಡಿಮೆ. ಭಯ ಇರೋದರಿಂದಲೇ ಕೆಲಸ ಆಗಬೇಕು ಅನ್ನೋದು.

ಈಗ ತಮಾಷೆ ಕೇಳಿ. ಯಾರು "ಮನೆಗೆ ಕರ್ಕೊಂಡು ಹೋಗಿ" ಅಂದಿದ್ದರೋ, ಅವರೇ ನಾನು ಕರ್ಕೊಂಡು ಬಂದ ಮೇಲೆ ಲಿಫ್ಟಿನಲ್ಲಿ ಮೂಗು ಮುಚ್ಚಿಕೊಂಡರು. "ಬೀದಿನಾಯಿ ಸಾರ್, ಮಕ್ಕಳಿರ್ತಾರೆ." ಮೂರನೇ ಮಹಡಿಯ ಶಿಟ್ಜು ಅದೇ ಲಿಫ್ಟಿನಲ್ಲಿ ಮಗುವಿನ ಗಾಡಿಯಲ್ಲಿ ಕೂತು ಓಡಾಡುತ್ತೆ, ಅದಕ್ಕೆ ಎಲ್ಲರೂ "ಸೋ ಕ್ಯೂಟ್". ಲಿಫ್ಟ್ ಕೊಡಲ್ಲ ಅನ್ನುವ ಹಾಗಿಲ್ಲ ಅಂತ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸೂಚನೆ ಇದೆ. ಪ್ರಿಂಟ್ ತೆಗೆದು ಕೊಟ್ಟೆ. ಅದಾದ ಮೇಲೆ ಸುಮ್ಮನಾದರು, ಮೂಗು ಮಾತ್ರ ಇನ್ನೂ ಮುಚ್ಚಿಕೊಳ್ತಾರೆ :)

2022ರಲ್ಲಿ '777 ಚಾರ್ಲಿ' ನೋಡಿ ಊರಿಗೆ ಊರೇ ಅತ್ತಿತು. ಆ ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಮರಿ ಮಾಡಿಸಿ ಮಾರುವವನ ಗೂಡಿನಿಂದ. ಅತ್ತು ಕಣ್ಣೊರೆಸಿಕೊಂಡು ಲ್ಯಾಬ್ರಡಾರ್ ಮರಿಗೆ ರೇಟು ಕೇಳಿದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಒಬ್ಬರ ಮರಿ ಈಗ "ಫಾರ್ಮ್‌ಹೌಸಿನಲ್ಲಿ ಆರಾಮಾಗಿದೆ" ಅಂತೆ. ಯಾವ ಫಾರ್ಮ್‌ಹೌಸ್ ಅಂತ ಕೇಳಿದರೆ ಮಾತು ಬದಲಿಸುತ್ತಾರೆ. ಸಾಕಿದ ನಾಯಿಯನ್ನು ಉಪವಾಸ ಬೀಳುವ ಹಾಗೆ ರಸ್ತೆಯಲ್ಲಿ ಬಿಟ್ಟುಹೋದರೆ 1960ರ ಕಾನೂನಿನಲ್ಲಿ ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹತ್ತರಿಂದ ಐವತ್ತು ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲಲ್ಲ.

2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ ಒಂದು ಸಾಲು ಬಂತು: ಪ್ರಾಣಿಪ್ರಿಯರು ಪಾಲಿಕೆಗೆ ಅರ್ಜಿ ಹಾಕಿ ಬೀದಿನಾಯಿ ದತ್ತು ತಗೋಬಹುದು, ಆದರೆ ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳೋದು ಅವರ ಜವಾಬ್ದಾರಿ. ಸರಿಯಾದ ಮಾತು. ಆದರೆ ಅದೇ ಆದೇಶದಲ್ಲಿ ಆಪರೇಷನ್, ಲಸಿಕೆ ಆದ ನಾಯಿಯನ್ನು, ರೇಬಿಸ್ ಅಥವಾ ಆಕ್ರಮಣ ಸ್ವಭಾವ ಇಲ್ಲದಿದ್ದರೆ, ಹಿಡಿದ ಜಾಗಕ್ಕೇ ಬಿಡಬೇಕು ಅಂತಲೂ ಇತ್ತು, ಊಟ ಹಾಕೋಕೆ ಪಾಲಿಕೆ ಜಾಗ ಗುರುತಿಸಬೇಕು ಅಂತಲೂ ಇತ್ತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಫಾರ್ವರ್ಡ್ ಆಗಿದ್ದು ದತ್ತಿನ ಸಾಲು ಒಂದೇ. ಕೆಳಗೆ ಹನ್ನೊಂದು ಚಪ್ಪಾಳೆ.

ಮುಂದಿನ ಮೀಟಿಂಗಿಗೆ ನಾನು ಒಂದೇ ಪ್ರಶ್ನೆ ಬರೆದಿಟ್ಟುಕೊಂಡಿದ್ದೇನೆ. ನಮ್ಮ ಬೀದಿಯಲ್ಲಿ ಒಂಬತ್ತು ನಾಯಿಗಳಿವೆ, ನಾಲ್ಕರ ಕಿವಿಯಲ್ಲಿ ಕಚ್ಚಿಲ್ಲ. ಆ ನಾಲ್ಕರ ಬಗ್ಗೆ ಪಾಲಿಕೆಗೆ ಅರ್ಜಿ ಕೊಡೋಣ, ಯಾರು ಯಾರು ಸಹಿ ಹಾಕ್ತೀರಿ? ಎಷ್ಟು ಸಹಿ ಬಿತ್ತು ಅಂತ ಇಲ್ಲೇ ಬರೀತೀನಿ.